ನಾಗಿಣಿ ಬಂದ್ಲು, ಒಲೆ ಆರಿಸ್ರೀ!

ನಿಜ ಹೇಳ್ಬಿಡಿ, ನೀವೂ ನೋಡ್ತೀರಿ ತಾನೇ? ಬೇಡ, ಬೇಡ, 'ನಾನಾ? ಸೀರಿಯಲ್ಲಾ?' ಅಂತ ಹುಬ್ಬೇರಿಸ್ಬೇಡಿ. ಆ ಹುಬ್ಬು ನಂಗೆ ಚೆನ್ನಾಗಿ ಗೊತ್ತು. ಮಧುಗಿರಿ ಬಸ್ ಸ್ಟ್ಯಾಂಡಿಂದ ಹಿಡ್ಕೊಂಡು ಪಾವಗಡದ ಶನಿಮಹಾತ್ಮನ ಗುಡಿ ಬೀದಿವರೆಗೂ ಎಲ್ರ ಮುಖದಲ್ಲೂ ಅದೇ ಹುಬ್ಬು. ನೋಡೋರು ಯಾರೂ ಇಲ್ಲ. ಕಥೆ ಮಾತ್ರ ಎಲ್ರಿಗೂ ಗೊತ್ತು!

ನಾನು ಹೇಳ್ತಿರೋದು ಬರೀ ಅತ್ತೆ-ಸೊಸೆ ಕಿತ್ತಾಟದ ಸೀರಿಯಲ್ ಅಲ್ಲ ಕಣ್ರೀ. ಹಾವು, ನಾಗಮಣಿ, ಹೋದ ಜನ್ಮದ ಸೇಡು, ಅಮಾವಾಸ್ಯೆ, ಮಂತ್ರವಾದಿ, ಜತೆಗೆ ಒಂದಿಷ್ಟು ಅತ್ತೆ-ಸೊಸೆ ಕಿತ್ತಾಟ (ಅದಿಲ್ದೆ ಆಗುತ್ತಾ?) ಇರೋ ಸೀರಿಯಲ್. ಅದರಲ್ಲೂ ಹೊಸ ಸೀಸನ್ ಶುರುವಾಗೋ ಮೊದಲ್ನೇ ರಾತ್ರಿ. ಆ ರಾತ್ರಿ ನೀವು ನಡ್ಕೊಳ್ಳೋ ರೀತಿ ಇದ್ಯಲ್ಲ, ಅದರ ಬಗ್ಗೆ ಸ್ವಲ್ಪ ಮಾತಾಡ್ಬೇಕು. ಹತ್ರ ಬನ್ನಿ. ಮನೆಯವರಿಗೆ ಕೇಳಿಸೋದು ಬೇಡ.

ಶುರುವಿಂದ್ಲೇ ಬರೋಣ. 2016ರ ಫೆಬ್ರವರಿ 8, ಸೋಮವಾರ, ಜೀ ಕನ್ನಡದಲ್ಲಿ 'ನಾಗಿಣಿ' ಹೆಡೆ ಎತ್ತಿದ್ಲು. ಅದಕ್ಕೆ ಮೂರು ತಿಂಗಳು ಮುಂಚೆ, 2015ರ ನವೆಂಬರ್ 1ಕ್ಕೆ, ಹಿಂದೀಲಿ ಮೌನಿ ರಾಯ್ 'ನಾಗಿನ್' ಆಗಿ ಬಂದು ಅರ್ಧ ದೇಶಾನ ಟಿವಿ ಮುಂದೆ ಕೂರಿಸಿದ್ದಳು. ನಮ್ಮಲ್ಲಿ ದೀಪಿಕಾ ದಾಸ್ ಅಮೃತಾ ಆದ್ಲು, ದೀಕ್ಷಿತ್ ಶೆಟ್ಟಿ ಅರ್ಜುನ್ ಆದ. (ಪಾಪ ಅರ್ಜುನ್! ಹೆಂಡ್ತಿ ಹಾವು ಅಂತ ಗಂಡನಿಗೆ ಗೊತ್ತಾಗೋಕೆ ಎಷ್ಟು ಎಪಿಸೋಡ್ ಬೇಕು ಅಂತ ಕೇಳ್ಬೇಡಿ. ನಿಮ್ಮನೇಲಿ ಎಷ್ಟು ವರ್ಷ ಬೇಕಾಯ್ತು?)

ಆಮೇಲೆ ಬಂತು ನೋಡಿ 2020ರ ಫೆಬ್ರವರಿ. ತಿಂಗಳ ಮೊದಲ ವಾರಾಂತ್ಯದಲ್ಲಿ ದೀಪಿಕಾ ದಾಸ್ ಬಿಗ್ ಬಾಸ್ ಫಿನಾಲೆವರೆಗೂ ಹೋಗಿ ಆಚೆ ಬಂದ್ಲು. 7ನೇ ತಾರೀಕು 'ದಿಯಾ' ಸಿನಿಮಾ ಬಿಡುಗಡೆಯಾಗಿ ದೀಕ್ಷಿತ್ ಶೆಟ್ಟಿ ಥಿಯೇಟರ್ ಹೀರೋ ಆದ. ನೀವು 'ಅಯ್ಯೋ, ನಮ್ ಅಮೃತಾ, ನಮ್ ಅರ್ಜುನ್' ಅಂತ ಕಣ್ಣೊರೆಸ್ಕೋತಾ ಇರುವಾಗ್ಲೇ 17ನೇ ತಾರೀಕು, ಮತ್ತೆ ಸೋಮವಾರ, 'ನಾಗಿಣಿ 2' ಶುರು! ಶಿವಾನಿ ಆಗಿ ನಮ್ರತಾ ಗೌಡ, ತ್ರಿಶೂಲ್ ಆಗಿ ನಿನಾದ್ ಹರಿತ್ಸ.

ಇನ್ನೊಂದು ಮಜಾ ಗಮನಿಸಿದ್ರಾ? ಆ ಶುಕ್ರವಾರ 21ನೇ ತಾರೀಕು ಶಿವರಾತ್ರಿ. ಸೋಮವಾರ ಹಾವು, ಶುಕ್ರವಾರ ಆ ಹಾವನ್ನ ಕತ್ತಿಗೆ ಸುತ್ಕೊಂಡಿರೋನ ಜಾಗರಣೆ. ಪ್ರೀಮಿಯರ್‌ಗೆ ಇದಕ್ಕಿಂತ ಒಳ್ಳೆ ವಾರ ಪಂಚಾಂಗದಲ್ಲಿ ಹುಡುಕಿದ್ರೂ ಸಿಕ್ತಿರ್ಲಿಲ್ಲ. ಜ್ಯೋತಿಷಿ ಕೇಳಿ ಮಾಡಿದ್ರೋ, ಹಂಗೇ ಕೂಡಿ ಬಂತೋ, ಆ ನಾಗಮಣಿಗೇ ಗೊತ್ತು.

ಫೆಬ್ರವರಿ ಅಂದ್ರೆ ನಮ್ಮ ಕಡೆ ಹುಣಸೆಹಣ್ಣಿನ ಕಾಲ. ಮರ ಬಡಿದು, ಒಣಗ್ಸಿ, ಹಜಾರದ ತುಂಬ ರಾಶಿ ಹಾಕ್ಕೊಂಡು ಬೀಜ ತೆಗೀತಾ ಕೂತಿರ್ತೀರಿ. ಒಬ್ಬರ ಕೈಲಿ ಸುತ್ತಿಗೆ, ಒಬ್ಬರ ಕೈಲಿ ಕಲ್ಲು, ಎಲ್ರ ಕಣ್ಣೂ ಟಿವಿ ಮೇಲೆ. ಪ್ರೀಮಿಯರ್ ದಿನ ಎಷ್ಟು ಜನ ಬೀಜ ಬಿಟ್ಟು ಬೆರಳು ಕುಟ್ಕೊಂಡ್ರು ಅನ್ನೋದು ನಿಮ್ಮ ಬೀದಿ ಮೆಡಿಕಲ್ ಸ್ಟೋರಿನವನಿಗೆ ಗೊತ್ತು, ಕೇಳಿ ನೋಡಿ.

ಮೊದಲ ಐದು ನಿಮಿಷ ನೀವು ಏನ್ ಮಾಡಿದ್ರಿ ಹೇಳ್ಲಾ? ಗ್ರಾಫಿಕ್ಸ್ ಬೈದ್ರಿ. 'ಇದೇನ್ ಹಾವಾ? ಸೈಕಲ್ ಟ್ಯೂಬಿಗೆ ಎಣ್ಣೆ ಹಚ್ಚಿ ಬಿಟ್ಟಂಗೈತೆ' ಅಂದ್ರಿ. ಅಂದಿದ್ದು ನಿಮ್ಮ ಮಗನೇ ಇರ್ಬೋದು, ನಕ್ಕಿದ್ದು ಮಾತ್ರ ಇಡೀ ಮನೆ. ಆದ್ರೆ ಅದೇ ಹಾವು ಮಂಚದ ಕೆಳಗೆ ಹರಿದಾಗ ಕಾಲು ಮೇಲಕ್ಕೆ ಎತ್ಕೊಂಡಿದ್ದು ಯಾರು ಸ್ವಾಮಿ? (ಟ್ಯೂಬಿಗೆ ಯಾರಾದ್ರೂ ಕಾಲೆತ್ಕೋತಾರಾ?)

ಮುಂದಿನ ಐದು ನಿಮಿಷ ಹೀರೋಯಿನ್ ಸರದಿ. 'ಹಳೇಳೇ ಚೆಂದ ಇದ್ಲು ಕಣೇ' ಅಂತ ಒಬ್ಬರು. 'ಆ ಕಣ್ಣು ಇವ್ಳಿಗೆ ಎಲ್ಲಿಂದ ಬರ್ಬೇಕು' ಅಂತ ಇನ್ನೊಬ್ಬರು. ಅಷ್ಟರಲ್ಲಿ ಮೂಲೇಲಿ ಕೂತಿದ್ದ ದೊಡ್ಡಮ್ಮನಿಗೆ ಗುರುತು ಸಿಕ್ತು: 'ಲೇ, ಇವ್ಳು ಹಿಮಾ ಅಲ್ವೇನೇ? ಪುಟ್ಟಗೌರಿ ಮನೇಲಿ ಇದ್ದೋಳು ಇಲ್ಲಿಗ್ಯಾಕೆ ಬಂದ್ಲು?' ಅಲ್ಲಿಗೆ ಮುಗೀತು. 'ಪುಟ್ಟಗೌರಿ ಮದುವೆ'ಯ ಹಿಮಾ ಹಾವಾಗಿದ್ದು ಯಾಕೆ ಅನ್ನೋ ಚರ್ಚೇಲಿ ಒಂದು ಇಡೀ ಸೀನ್ ಹೋಯ್ತು.

ಹೊಸಬಳು ಅಂದ್ರೆ ನಮಗೆ ಅನುಮಾನ. ಸೊಸೆ ಆಗ್ಲಿ, ತಾಲ್ಲೂಕಾಫೀಸಿಗೆ ಬಂದ ಗುಮಾಸ್ತೆ ಆಗ್ಲಿ, ನಾಗಿಣಿ ಆಗ್ಲಿ, ಮೊದಲ ವಾರ ಮುಖ ಗಂಟು ಹಾಕ್ಕೊಂಡೇ ನೋಡ್ತೀವಿ. ಎರಡನೇ ವಾರ 'ಪರ್ವಾಗಿಲ್ಲ' ಅಂತೀವಿ. ಮೂರನೇ ವಾರಕ್ಕೆ ಅವಳ ಮೇಲೆ ಯಾರಾದ್ರೂ ಕೈ ಎತ್ತಿದ್ರೆ ಟಿವಿಗೆ ಬೈತೀವಿ: 'ಮುಟ್ಟು ನೋಡಣ ನಮ್ ಶಿವಾನೀನ!' ಅಮೃತಾ? ಯಾವ ಅಮೃತಾ?

ಇಷ್ಟೂ ಪೀಠಿಕೆ ಅನ್ಕೊಳ್ಳಿ. ಅಸಲು ಕೆಲಸ ಶುರುವಾಗೋದು ಇದಾದ ಮೇಲೆ. ಅದು ಪರೀಕ್ಷೆ. ಸೀರಿಯಲ್ ಬರೆಯೋರು ಬೆಂಗಳೂರಲ್ಲಿ ಎಸಿ ರೂಮಲ್ಲಿ ಕೂತು ಬರೀಬೋದು. ತಿದ್ದೋರು ಮಾತ್ರ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಲ್ಲಿ ಚಾಪೆ ಮೇಲೆ ಕೂತಿದಾರೆ. ಕೆಂಪು ಪೆನ್ನು ಒಂದಿಲ್ಲ, ಅಷ್ಟೇ.

ಮೊದಲ್ನೇ ಪ್ರಶ್ನೆ ಅಜ್ಜೀದು. ನಾಗಿಣಿ ಕೋಪ ಮಾಡ್ಕೊಂಡು ಮೂರು ಸಲ ಕಣ್ಣು ಮುಚ್ಚಿ ಬಿಡ್ತಾಳಲ್ಲ, ಪ್ರತಿ ಸಲಕ್ಕೂ ಡಬ್ ಡಬ್ ಅಂತ ಸದ್ದು ಬೇರೆ? ಅಜ್ಜಿ ಎಲೆಡಿಕೆ ಪಕ್ಕಕ್ಕೆ ಸರ್ಸಿ ಕೇಳ್ತು: 'ಅದೆಂಗೆ ಕಣ್ ಮುಚ್ತಾಳೆ? ಹುಳಕ್ಕೆ ರೆಪ್ಪೆ ಎಲ್ಲೈತೆ?' ನೂರಕ್ಕೆ ನೂರು ಅಂಕ! ಹಾವಿಗೆ ರೆಪ್ಪೆ ಇರಲ್ಲ, ಕಣ್ಣಿನ ಮೇಲೆ ಪಾರದರ್ಶಕ ಪೊರೆ ಇರುತ್ತೆ, ಮಲಗಿದ್ರೂ ಕಣ್ಣು ತೆಗೆದೇ ಇರುತ್ತೆ. ಕಡ್ಲೆಕಾಯಿ ಹೊಲದಲ್ಲಿ ಮುಖಾಮುಖಿ ನೋಡಿದೋರಿಗೆ ಇದನ್ನ ಪುಸ್ತಕ ಓದಿ ಹೇಳ್ಬೇಕಾ?

(ಅಂದಹಾಗೆ ಅಜ್ಜಿ 'ಹಾವು' ಅನ್ಲಿಲ್ಲ, ಗಮನಿಸಿ. ರಾತ್ರಿ ಹೊತ್ತು ಅದರ ಹೆಸರು ಎತ್ತಬಾರ್ದು, 'ಹುಳ' ಅನ್ಬೇಕು ಅನ್ನೋದು ಅಜ್ಜಿ ಕಾನೂನು. ಹಂಗಾದ್ರೆ ಟಿವಿಯವನು ದಿನಾ ರಾತ್ರಿ 'ನಾಗಿಣಿ, ನಾಗಿಣಿ' ಅಂತ ಕೂಗ್ತಾನಲ್ಲ ಅಂದ್ರೆ, 'ಅವನ ಮನೆಗೆ ಬತ್ತದೆ ಬಿಡು' ಅಂದ್ಬಿಡ್ತು.)

ಎರಡನೇ ಪ್ರಶ್ನೆ ನಿಮ್ಮ ಕಾಲೇಜು ಹುಡುಗಂದು. ಪುಂಗಿ ಊದಿದ್ರೆ ನಾಗಿಣಿ ಕುಣೀತಾಳಲ್ಲ, ಹಾವಿಗೆ ಕಿವಿ ಎಲ್ಲಿದೆ? ಇದೂ ಸರಿ. ಹೊರಗಿವಿ ಇಲ್ಲ, ನೆಲದ ಅದುರು ಚೆನ್ನಾಗಿ ತಿಳಿಯುತ್ತೆ, ಗಾಳೀಲಿ ಬರೋ ಸದ್ದೂ ಅಷ್ಟಿಷ್ಟು ತಿಳಿಯುತ್ತೆ. ಹಾವಾಡಿಗನ ಮುಂದೆ ಅದು ಹೆಡೆ ಆಡ್ಸೋದು ರಾಗಕ್ಕಲ್ಲ, ಎದುರಿಗೆ ಓಲಾಡೋ ಪುಂಗಿಗೆ. ಇಷ್ಟೆಲ್ಲ ಗೊತ್ತಿರೋ ಹುಡುಗ ಪುಂಗಿ ಸೀನ್ ಬಂದಾಗ ವಾಲ್ಯೂಮ್ ಜಾಸ್ತಿ ಮಾಡಿದ್ದು ಯಾಕೆ ಅಂತ ನಾನು ಕೇಳಲ್ಲ.

ಮೂರನೇದು ಹಾಲು. ನಾಗರ ಪಂಚಮಿಗೆ ಹುತ್ತಕ್ಕೆ ತನಿ ಎರೆದು ಬರ್ತೀರಿ, ಸಂತೋಷ. ಹಾವು ಸಸ್ತನಿ ಅಲ್ಲ, ಹಾಲು ಅದರ ಆಹಾರ ಅಲ್ಲ, ಬಾಯಾರಿದ್ರೆ ಮಾತ್ರ ಏನು ಕೊಟ್ರೂ ನಾಲ್ಕು ಗುಟುಕು ಕುಡಿಯುತ್ತೆ. ಅದನ್ನ ನಿಮಗೆ ಹೇಳಿದ್ರೆ 'ವಿಜ್ಞಾನ ಬೇರೆ, ಶಾಸ್ತ್ರ ಬೇರೆ' ಅಂತೀರಿ. ಸೀರಿಯಲ್ ನಾಗಿಣಿ ಡೈನಿಂಗ್ ಟೇಬಲ್ ಮೇಲೆ ಹಾಲಿನ ಲೋಟ ಎತ್ತಿದ್ರೆ ಮಾತ್ರ 'ಸುಳ್ಳು ಕಣ್ರೀ, ಹಾವು ಹಾಲು ಕುಡಿಯಲ್ಲ!' ಇದ್ಯಾವ ನ್ಯಾಯ? ನಿಮ್ಮ ಹುತ್ತಕ್ಕೊಂದು ಕಾನೂನು, ಜೀ ಕನ್ನಡಕ್ಕೊಂದು ಕಾನೂನಾ?

ಇನ್ನೂ ಒಂದಿದೆ, ತಡೀರಿ. ಎರಡು ಹಾವು ಹೆಣ್ಕೊಂಡು ಎದ್ದು ನಿಂತಿದ್ದು ಕಂಡ್ರೆ ಬಿಳೀ ಪಂಚೆ ಹಾಕ್ಬೇಕು, ಅದನ್ನ ಬೀರುವಲ್ಲಿಟ್ರೆ ದುಡ್ಡು ಉಕ್ಕುತ್ತೆ ಅಂತ ನಂಬ್ಕೊಂಡು ಹೊಲಕ್ಕೆ ಓಡಿದ ಭಾವ ನಿಮಗೂ ಒಬ್ರು ಇರ್ತಾರೆ. ಅಲ್ಲಿ ಸಾಮಾನ್ಯವಾಗಿ ನಡೀತಿರೋದು ಎರಡು ಗಂಡು ಕೇರೆಹಾವಿನ ಕುಸ್ತಿ. ಸರಸವೂ ಅಲ್ಲ, ನಾಗನೂ ಅಲ್ಲ. ಭಾವನ ಪಂಚೆ ಹೋಯ್ತು, ದುಡ್ಡು ಬರ್ಲಿಲ್ಲ, ಆದ್ರೂ ಸೀರಿಯಲಲ್ಲಿ ಜೋಡಿ ಹಾವು ಬಂದಾಗ ಮೊದಲು ತಪ್ಪು ಹಿಡಿಯೋದು ಅದೇ ಭಾವ.

ಈ ಪರೀಕ್ಷಕರ ಜಂಬ ಸುಮ್ನೆ ಬಂದಿದ್ದಲ್ಲ. ನಮ್ಮ ನಾಲ್ಕು ತಾಲ್ಲೂಕಿನ ನೀರೇ ಹಂಗೆ. ಹೋಗಿ ಬನ್ನಿ ಪಾವಗಡ ತಾಲ್ಲೂಕಿನ ನಾಗಲಮಡಿಕೆಗೆ. ಉತ್ತರ ಪಿನಾಕಿನಿ ದಂಡೇಲಿ ಏಳು ಹೆಡೆಯ ಸುಬ್ರಹ್ಮಣ್ಯ. ಕುಕ್ಕೆ ಆದಿ, ಘಾಟಿ ಮಧ್ಯ, ನಾಗಲಮಡಿಕೆ ಅಂತ್ಯ ಅಂತ ಭಕ್ತರು ಎಣಿಸ್ತಾರೆ. ಒಂದು, ಎರಡು, ಮೂರು! ಸೀಸನ್ ಅಂದ್ರೆ ಏನು ಅಂತ ನಮಗೆ ಟಿವಿಯವರು ಹೇಳ್ಕೊಡ್ಬೇಕಾ? ಗ್ರ್ಯಾಂಡ್ ಫಿನಾಲೆ ಆದ್ರೂ ನಮ್ಮ ತಾಲ್ಲೂಕಲ್ಲೇ ಇಟ್ಕೊಂಡಿದೀವಿ.

ಶಿರಾ ತಾಲ್ಲೂಕಿನ ಸೀಬಿಗೆ ಬನ್ನಿ. ಅಲ್ಲಿನ ನರಸಿಂಹನ ಸ್ಥಳಕಥೆ ಕೇಳಿದೀರಾ? ಧಾನ್ಯದ ವ್ಯಾಪಾರಿ ಒಬ್ಬ ಬಂಡೆ ಹತ್ರ ಇಳ್ಕೊಂಡು ಅಡುಗೆಗೆ ಇಟ್ಟನಂತೆ. ಮಡಕೇಲಿ ಬೇಯ್ತಿದ್ದ ಧಾನ್ಯ ನೆತ್ತರ ಬಣ್ಣಕ್ಕೆ ತಿರುಗ್ತಂತೆ, ಜನ-ದನ ಎಲ್ಲ ಎಚ್ಚರ ತಪ್ಪಿ ಬಿದ್ರಂತೆ, ಆಮೇಲೆ ಕನಸಲ್ಲಿ ನರಸಿಂಹ ಬಂದು ಬಂಡೇಲಿ ಇರೋದು ನಾನೇ ಕಣೋ, ಗುಡಿ ಕಟ್ಟು ಅಂದನಂತೆ. ಹೇಳಿ, ಇದಕ್ಕಿಂತ ಗಟ್ಟಿ ಫಸ್ಟ್ ಎಪಿಸೋಡ್ ಯಾವ ಚಾನೆಲ್ ಕೊಟ್ಟಿದೆ? (ಆ ಗುಡಿ ಚಾವಣಿ ತುಂಬ ಹಳೇ ಬಣ್ಣದ ಚಿತ್ರಗಳಿವೆ. ಪೂಜೆ ಮುಗಿಸಿ ಚಪ್ಪಲಿ ಹುಡುಕೋ ಅವಸರದಲ್ಲಿ ನೀವು ತಲೆ ಎತ್ತಿರಲ್ಲ.)

ಕೊರಟಗೆರೆ ಕಡೆಯೋರಿಗೆ ಗೊರವನಹಳ್ಳಿ ಮಹಾಲಕ್ಷ್ಮಿ. ನಿಮ್ಮನೇಗೆ ಬರ್ತೀನಿ ಅಂತ ಕೆರೆ ಹತ್ರ ದನಿ ಕೇಳಿಸಿತ್ತು ಅನ್ನೋ ಕಥೆ ಅಲ್ಲಿ ಮಕ್ಕಳಿಗೂ ಗೊತ್ತು. ಆ ಕಡೆ ಸಿದ್ದರಬೆಟ್ಟ, ಅಲ್ಲಿ ಗವಿ, ಗಿಡಮೂಲಿಕೆ, ಸಿದ್ಧರ ಕಥೆ. ಮಧುಗಿರಿಯೋರಿಗೆ ಏಕಶಿಲೆ ಬೆಟ್ಟದ ಜತೆಗೆ ದಂಡಿನ ಮಾರಮ್ಮ. ಆಯಮ್ಮನ ಮುಂದೆ ಎಂಥ ಸೀರಿಯಲ್ ವಿಲನ್ನೂ ಬಾಲ ಮುದುರಿ ಕೂರ್ಬೇಕು. ಇಂಥ ಊರಲ್ಲಿ ಹುಟ್ಟಿ ಬೆಳೆದೋರ ಮುಂದೆ ಸೆಟ್ಟಲ್ಲಿ ಹೊಗೆ ಬಿಟ್ಟು 'ಅತಿಮಾನುಷ ಶಕ್ತಿ' ಅಂದ್ರೆ ನಡೆಯುತ್ತಾ?

ಪಾವಗಡದೋರ ಹತ್ರ ಅಂತೂ ಶನಿ ವಿಚಾರ ಎತ್ಲೇ ಬಾರ್ದು. 2017ರಲ್ಲಿ ಕಲರ್ಸ್ ಕನ್ನಡದಲ್ಲಿ 'ಶನಿ' ಬಂದಾಗ ಬೇರೆ ಊರಿನೋರು ಭಕ್ತಿಯಿಂದ ನೋಡಿದ್ರು. ಪಾವಗಡದೋರು ಅಧಿಕಾರದಿಂದ ನೋಡಿದ್ರು. 'ನಮ್ ಸ್ವಾಮಿ ಹಂಗೆ ಮಾಡಲ್ಲ' ಅಂತ ಒಂದೊಂದು ಸೀನಿಗೂ ಷರಾ. ಎಳ್ಳು ದೀಪ ಹಚ್ಚಿ ಹಚ್ಚಿ ಬೆರಳು ಕಪ್ಪಾಗಿರೋರು ಅವರು, ಮಾತಾಡೋ ಹಕ್ಕಿದೆ ಬಿಡಿ.

ಇದಕ್ಕೂ ಮುಂಚೆ ಟಿವಿ ಇಲ್ದಿದ್ದಾಗ? ಊರ ಮುಂದೆ ಪೆಂಡಾಲ್ ಹಾಕಿ ರಾತ್ರಿ ಪೂರಾ ಶನಿಮಹಾತ್ಮೆ ನಾಟಕ, ಕುರುಕ್ಷೇತ್ರ ನಾಟಕ, ಮೂಡಲಪಾಯ. ಕಥೆ ಮೊದಲೇ ಗೊತ್ತು, ಮಾತು ಗೊತ್ತು, ಯಾರು ಸಾಯ್ತಾರೆ ಅನ್ನೋದೂ ಗೊತ್ತು. ಆದ್ರೂ ಬೆಳಗಾನ ಕೂತು, ಪಾತ್ರಧಾರಿ ಒಂದು ಕಂದ ಬಿಟ್ರೆ ಕೆಳಗಿಂದ್ಲೇ ಕೂಗಿ ಹೇಳ್ತಿದ್ದ ತಾತಂದಿರು ನಮ್ಮೋರು. ನಮ್ಮದೇ ಜಿಲ್ಲೆಯ ಗುಬ್ಬಿ ಕಂಪನಿಯ ವೀರಣ್ಣನೋರು ಕುರುಕ್ಷೇತ್ರಕ್ಕೆ ಸ್ಟೇಜ್ ಮೇಲೆ ಜೀವಂತ ಆನೆ, ಕುದುರೆ ತಂದು ನಿಲ್ಸಿದ್ರು. ನಿಜವಾದ ಆನೆ ನೋಡಿದ ಜನಕ್ಕೆ ಗ್ರಾಫಿಕ್ಸ್ ಹಾವು ತೋರ್ಸಿದ್ರೆ ನಗು ಬರ್ದೆ ಇನ್ನೇನು ಬರುತ್ತೆ?

ಸರಿ, ನಗು ಬರುತ್ತೆ. ಹಂಗಾದ್ರೆ ಎದ್ದು ಹೋಗ್ಬೋದಲ್ಲ? ಹೋಗಲ್ಲ. ಯಾಕೆ ಹೋಗಲ್ಲ ಅಂತ ನಾನು ಹೇಳ್ತೀನಿ, ಕೋಪ ಮಾಡ್ಕೋಬೇಡಿ.

ನಾಗಿಣಿ ಯಾರು ಹೇಳಿ? ಬೇರೇವರ ಮನೆಗೆ ಸೊಸೆಯಾಗಿ ಬಂದೋಳು. ತಲೆ ತಗ್ಗಿಸ್ಕೊಂಡು ಕಾಫಿ ತಂದು ಕೊಡ್ತಾಳೆ, ಬೈದ್ರೆ ಬೈಸ್ಕೋತಾಳೆ, ರಾತ್ರಿ ಆದ್ರೆ ಹೆಡೆ ಬಿಚ್ತಾಳೆ. ಮಿಕ್ಕ ಸೀರಿಯಲ್ ಸೊಸೆಯರಿಗೆ ಇರೋದು ಬರೀ ಕಣ್ಣೀರು. ಇವ್ಳಿಗೆ ವಿಷದ ಹಲ್ಲಿದೆ! ದಿನಾ ಬೆಳಗ್ಗೆ 'ಸಾರಿಗೆ ಉಪ್ಪು ಕಮ್ಮಿ' ಅಂತ ಅನ್ನಿಸ್ಕೊಂಡೋಳು ರಾತ್ರಿ ಶಿವಾನಿ ಕಣ್ಣು ನೀಲಿ ಹಸಿರು ಆಗೋದು ನೋಡಿ ಸುಮ್ ಸುಮ್ನೆ ನಗ್ತಾಳೆ ಅನ್ಕೊಂಡ್ರಾ?

ಆದ್ರೆ ಮಜಾ ಇರೋದು ಇಲ್ಲಿ. ಅದೇ ಚಾಪೆ ಮೇಲೆ ಅತ್ತೇನೂ ಕೂತಿದಾರಲ್ಲ, ಅವರೂ ಮುಸಿ ಮುಸಿ ನಗ್ತಿದಾರೆ. ಯಾಕಂದ್ರೆ ಅತ್ತೆ ಲೆಕ್ಕದಲ್ಲಿ ನಾಗಿಣಿ ಅಂದ್ರೆ ಅವರೇ. ನಲವತ್ತು ವರ್ಷದ ಹಿಂದೆ ಈ ಮನೆಗೆ ಬಂದು, ಅವರ ಅತ್ತೆ ಕೈಲಿ ಏನೆಲ್ಲ ಅನುಭವಿಸಿ, ಕೊನೆಗೆ ಮನೆ ಬೀಗದ ಕೈ ಅನ್ನೋ ನಾಗಮಣಿ ಸಂಪಾದಿಸಿದೋರು ಅವರು. ಎದುರಿಗೆ ಕೂತಿರೋ ಸೊಸೆ? ಅವಳು ಮಣಿ ಕದಿಯೋಕೆ ಬಂದಿರೋ ವಿಲನ್ನು.

ಹಿಂಗೆ ಒಂದೇ ಹಾವು, ಎರಡು ನಾಗಿಣಿಯರು, ಪರಸ್ಪರ ವಿಲನ್‌ಗಳು. ಇಬ್ಬರೂ ಒಂದೇ ಸೀನಿಗೆ ಒಟ್ಟಿಗೆ ಚಪ್ಪಾಳೆ ಹೊಡೀತಾರೆ. ಮನೇಲಿ ಶಾಂತಿ! ಪಂಚಾಯ್ತಿ ಸೇರ್ಸಿದ್ರೂ ಆಗದ ರಾಜಿ ಅರ್ಧ ಗಂಟೆಗೆ ಆಗ್ಬಿಡುತ್ತೆ. (ಆಮೇಲೆ ಪಾತ್ರೆ ತೊಳೆಯೋದು ಯಾರು ಅನ್ನೋ ಪ್ರಶ್ನೆ ಬರುತ್ತೆ. ಕದನ ವಿರಾಮ ಅಲ್ಲಿಗೆ ಖತಂ.)

ನಾದಿನಿ ಇದ್ರೆ ಮೂರನೇ ನಾಗಿಣಿ. ಪಕ್ಕದ ಮನೆ ಆಂಟಿ ಬಂದ್ರೆ ನಾಲ್ಕನೇದು. ಒಬ್ಬೊಬ್ಬರ ತಲೇಲೂ ಒಂದೊಂದು ಪಟ್ಟಿ: ಯಾರ ಮೇಲೆ ಸೇಡು ಬಾಕಿ, ಯಾರ ಮದುವೇಲಿ ಯಾರು ಸೀರೆ ಕೊಡ್ಲಿಲ್ಲ, ಯಾರು ಗೃಹಪ್ರವೇಶಕ್ಕೆ ಕಾರ್ಡ್ ಮನೆ ಬಾಗ್ಲಿಗೆ ಕೊಡ್ದೆ ವಾಟ್ಸಾಪಲ್ಲಿ ಕಳ್ಸಿದ್ರು. ಹಾವಿನ ದ್ವೇಷ ಹನ್ನೆರಡು ವರ್ಷ ಅಂತಾರೆ. ಪಾಪ, ನಿಜವಾದ ಹಾವಿಗೆ ಅಂಥ ಸೇಡಿನ ಗೋಜೇ ಇಲ್ಲ. ಆ ಹನ್ನೆರಡು ವರ್ಷ ಪೂರ್ತಿ ನಿಮ್ಮ ಖಾತೇದು. ಹಾವಿನ ಹೆಸರಲ್ಲಿ ಬೇನಾಮಿ ಇಟ್ಟಿದೀರಿ, ಅಷ್ಟೇ!

ಗಂಡಸರು 'ಹೆಂಗಸರ ವಿಚಾರ' ಅಂತ ನಗ್ಬೇಡಿ, ನಿಮ್ ಸರದಿ ಬಂತು. ಫೋನ್ ಮುಖದ ಮುಂದೆ ಹಿಡ್ಕೊಂಡು ಕೂತಿರ್ತೀರಲ್ಲ, ಅದರ ಸ್ಕ್ರೀನ್ ಆಫ್ ಆಗಿ ಎಷ್ಟೊತ್ತಾಯ್ತು? ಬ್ರೇಕ್ ಬಂದ ತಕ್ಷಣ ಬೆರಳಾಡ್ಸ್ತೀರಿ, ಸೀರಿಯಲ್ ಬಂದ ತಕ್ಷಣ ಬೆರಳು ನಿಲ್ಲುತ್ತೆ. 'ಅವನಿಗಿನ್ನೂ ಗೊತ್ತಾಗಿಲ್ವಾ?' ಅಂತ ಒಂದೇ ಒಂದು ಪ್ರಶ್ನೆ ಬಾಯಿ ತಪ್ಪಿ ಬಂದಿದ್ದು ನೆನಪಿದ್ಯಾ? ಇಡೀ ಮನೆ ತಿರುಗಿ ನೋಡ್ತು. ನೀವು ಕೆಮ್ಮಿದ್ರಿ.

ಮುದ್ದೆ ವಿಚಾರ ಹೇಳ್ದೆ ಬಿಟ್ರೆ ಅನ್ಯಾಯ ಆಗುತ್ತೆ. ಪ್ರೀಮಿಯರ್ ರಾತ್ರಿ ನಮ್ಮ ನಾಲ್ಕು ತಾಲ್ಲೂಕಲ್ಲಿ ಗಂಟಿಲ್ಲದ ಮುದ್ದೆ ಉಂಡೋರು ಕೈ ಎತ್ತಿ. ಬ್ರೇಕಲ್ಲಿ ಎಸರಿಗೆ ಹಿಟ್ಟು ಹಾಕಿ, ಮುಂದಿನ ಬ್ರೇಕಲ್ಲಿ ಕೋಲು ಹಿಡಿದ್ರೆ ಇನ್ನೇನಾಗುತ್ತೆ? ಒಬ್ಬರೂ ಕಮಕ್ ಕಿಮಕ್ ಅನ್ನಲ್ಲ, ಬಸ್ಸಾರಲ್ಲಿ ಅದ್ದಿ ಗಂಟು ಸಮೇತ ನುಂಗ್ತಾರೆ. ಅದೇ ಬೇರೆ ದಿನ ಆಗಿದ್ರೆ ತಟ್ಟೆ ಹಾರ್ತಿತ್ತು.

ಇನ್ನು ಕರೆಂಟು. ಪಾವಗಡದ ತಿರುಮಣಿ ಸುತ್ತ ಐದು ಊರಿನ ಸುಮಾರು 13,000 ಎಕರೇಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ ಅಂತ ಬೆಂಗಳೂರು ನೆಂಟರ ಮುಂದೆ ಎದೆ ಉಬ್ಬಿಸ್ತೀರಿ. ನಾಗಿಣಿ ಪೊರೆ ಬಿಡೋ ಸೀನಿಗೆ ಸರಿಯಾಗಿ ಲೈಟ್ ಹೋದ್ರೆ ಅದೇ ನೆಂಟ ಕೇಳ್ತಾನೆ, 'ಎಲ್ಲಪ್ಪಾ ನಿನ್ ಮೆಗಾವಾಟು?' ಸೂರ್ಯ ಮಲಗಿದ ಮೇಲೆ ಪಾರ್ಕಾದ್ರೂ ಏನ್ ಮಾಡ್ಬೇಕು ಹೇಳಿ. ಆಗ ಎಲ್ರೂ ಫೋನ್ ತೆಗೆದು ಜೀ5 ಹಾಕ್ತಾರೆ. (ಓಹೋ, ಆ್ಯಪ್ ಬೇರೆ ಇಟ್ಕೊಂಡಿದೀರಾ? ನೋಡಲ್ಲ ಅಂದ್ರಿ?)

ಪಾವಗಡದೋರಿಗೆ ಇನ್ನೊಂದು ಅನುಕೂಲ, ಹೊಟ್ಟೆ ಉರಿಯುತ್ತೆ. ಸುತ್ತ ಹೆಚ್ಚೂಕಮ್ಮಿ ಆಂಧ್ರ, ಮನೇಲಿ ಎರಡು ಭಾಷೆ, ಹಂಗಾಗಿ ಡಬಲ್ ದೆವ್ವ. ಕನ್ನಡದ ನಾಗಿಣಿ 2 ಬಂದ ವರ್ಷಾನೇ ತೆಲುಗಿನ ಜೀನಲ್ಲಿ 'ತ್ರಿನಯನಿ' ಬಂತು, ಮುಂದಾಗೋದು ಮೊದ್ಲೇ ಕಾಣೋ ಹೆಣ್ಣಿನ ಕಥೆ. ಅದರ ನಾಯಕಿ ಆಶಿಕಾ ಪಡುಕೋಣೆ, ನಾಯಕ ಚಂದು ಗೌಡ, ಇಬ್ಬರೂ ಕನ್ನಡದೋರು. 'ನಮ್ಮೋರೇ ಅಲ್ಲೂ ಇರೋದು' ಅನ್ನೋ ನೆಪ ಸಿಕ್ತು. ರಿಮೋಟ್ ಗಡಿ ದಾಟೋಕೆ ಅಷ್ಟು ಸಾಕು.

ಹಿಂದೀನೂ ಬಿಟ್ಟಿಲ್ಲ ನೀವು, ಗೊತ್ತು. 2022ರ ಫೆಬ್ರವರೀಲಿ ಆರನೇ 'ನಾಗಿನ್' ಬಂದಾಗ ಅವಳ ಕೆಲಸ ಏನಿತ್ತು ನೆನಪಿದ್ಯಾ? ದೇಶಾನ ಸಾಂಕ್ರಾಮಿಕ ರೋಗದಿಂದ ಕಾಪಾಡೋದು! ಹೋದ ಸೀಸನ್‌ಗಳಲ್ಲಿ ಒಂದು ಮನೆ ಕಾಪಾಡೋಕೆ ಏದುಸಿರು ಬಿಟ್ಟಿದ್ದ ಹಾವಿಗೆ ಏಕ್‌ದಮ್ ಆರೋಗ್ಯ ಇಲಾಖೆ ಕೊಟ್ಬಿಟ್ರು. 'ಇದೊಂದು ಜಾಸ್ತಿ ಆಯ್ತು' ಅಂದ್ರಿ, ತಟ್ಟೆ ತಗೊಂಡು ಬಂದು ಮುಂದೆ ಕೂತ್ರಿ.

ನಮ್ಮ ಶಿವಾನಿಗೂ ಆ ರೋಗದ ಬಿಸಿ ತಟ್ಟದೆ ಇರ್ಲಿಲ್ಲ. ಶುರುವಾಗಿ ಒಂದು ತಿಂಗಳು ಆಗಿತ್ತಷ್ಟೆ, ಲಾಕ್‌ಡೌನ್ ಬಂತು, ಶೂಟಿಂಗ್ ನಿಂತ್ಹೋಯ್ತು. ಮಂತ್ರವಾದಿ ಕೈಲಿ ಆಗದ್ದು, ಗರುಡನ ಕೈಲಿ ಆಗದ್ದು, ಕಣ್ಣಿಗೆ ಕಾಣದ ಒಂದು ವೈರಸ್ ಮಾಡ್ತು. ಆಗ ನೀವು ಪಟ್ಟ ಪಾಡು ಹೇಳ್ಬೇಕಾ? ನೋಡಿದ್ದ ಎಪಿಸೋಡ್‌ಗಳನ್ನೇ ಮತ್ತೆ ಮತ್ತೆ ನೋಡಿ, ಗೊತ್ತಿದ್ದ ಜಾಗದಲ್ಲೇ ಮತ್ತೆ ಹೆದರಿ, ಅದೇ ತಪ್ಪಿಗೆ ಮತ್ತೆ ಬೈದು ಕಾಲ ಹಾಕಿದ್ರಿ. ಹುಣಸೆಹಣ್ಣು ಮಾರೋಕೆ ಮಂಡಿ ತೆಗೆದಿದ್ಯೋ ಇಲ್ವೋ ಅನ್ನೋದಕ್ಕಿಂತ ಶೂಟಿಂಗ್ ಯಾವಾಗ ಅನ್ನೋದೇ ಜೋರು ಸುದ್ದಿ.

ಆಮೇಲೆ ಶೂಟಿಂಗ್ ಶುರುವಾಯ್ತು, ಸೀರಿಯಲ್ 2022ರವರೆಗೂ ಓಡ್ತು. ಮಧ್ಯೆ ಕಥೆ ಎಳೆದಿದ್ದು ಯಾರಿಗೂ ಗೊತ್ತಿಲ್ದೆ ಏನಿಲ್ಲ. ಮಣಿ ಸಿಕ್ತು ಅನ್ನುವಾಗ ತಪ್ಪೋದು, ಗುಟ್ಟು ಬಯಲಾಯ್ತು ಅನ್ನುವಾಗ ಮರೆವು ಬರೋದು. ನೀವು ದಿನಾ 'ಇನ್ಮೇಲೆ ನೋಡಲ್ಲ' ಅಂದ್ರಿ. ಶನಿ ಕಾಟಕ್ಕೂ ಏಳೂವರೆ ವರ್ಷ ಅಂತ ಒಂದು ಮಿತಿ ಇದೆ, ಸೀರಿಯಲ್ಗೆ ಅದೂ ಇಲ್ಲ ಅಂದ್ರಿ. ಎಲ್ಲ ಅಂದು, ಮಾರನೇ ದಿನ ಹೊತ್ತಿಗೆ ಸರಿಯಾಗಿ ಹಾಜರ್.

ಇಷ್ಟಾದ್ರೂ ಟಿಆರ್‌ಪಿ ಲೆಕ್ಕದಲ್ಲಿ ನಿಮ್ಮ ಹೆಸರಿಲ್ಲ, ಗೊತ್ತಾ? ಬಾರ್ಕ್ ಅನ್ನೋ ಸಂಸ್ಥೆ ಆಯ್ದ ಕೆಲವು ಮನೆಗಳಲ್ಲಿ ಮೀಟರ್ ಇಟ್ಟು ಗುರುವಾರಕ್ಕೊಂದು ಲೆಕ್ಕ ಕೊಡುತ್ತೆ. ಆ ಮೀಟರ್ ನಿಮ್ಮನೇಲಿಲ್ಲ, ಪಕ್ಕದ ಮನೇಲೂ ಇಲ್ಲ. ಆದ್ರೂ 'ನಾವು ನೋಡ್ಲಿಲ್ಲ ಅಂದ್ರೆ ಸೀರಿಯಲ್ ನಿಂತ್ಹೋಗುತ್ತೆ' ಅಂತ ಜ್ವರ ಬಂದ್ರೂ ಕಂಬಳಿ ಹೊದ್ದು ಕೂತ್ರಲ್ಲ, ಆ ನಿಷ್ಠೆ ಗ್ರಾಮಸಭೆ ಮೇಲೆ ಇದ್ದಿದ್ರೆ ನಿಮ್ಮೂರಿನ ಚರಂಡಿ ಯಾವತ್ತೋ ಆಗ್ತಿತ್ತು!

ಹಾವು ಹೋದ್ರೆ ದೆವ್ವ ಬಂತು. 2025ರಲ್ಲಿ ಜೀ ಕನ್ನಡದಲ್ಲಿ 'ನಾ ನಿನ್ನ ಬಿಡಲಾರೆ' ಶುರುವಾದಾಗ ಹೆಸರು ಕೇಳೇ ಅಜ್ಜಿ ನೆಟ್ಟಗೆ ಕೂತ್ಕೊಂಡ್ತು. 1979ರಲ್ಲಿ ಅನಂತ್‌ನಾಗ್, ಲಕ್ಷ್ಮಿ ಮಾಡಿದ್ದ ದೆವ್ವದ ಸಿನಿಮಾ ಹೆಸರದು. ಆಗ ಟೂರಿಂಗ್ ಟಾಕೀಸಲ್ಲಿ ನೋಡ್ಬಂದು ವಾರ ಪೂರ್ತಿ ಹಿತ್ಲಿಗೆ ಒಬ್ಬಳೇ ಹೋಗ್ಲಿಲ್ವಂತೆ. ಹೊಸದು ನೋಡಿ ಏನಂತು ಕೇಳ್ತೀರಾ? 'ದೆವ್ವ ಚೆನ್ನಾಗೈತೆ, ಆದ್ರೆ ಲೈಟು ಜಾಸ್ತಿ' ಅಂತು. ಸಿನಿಮಾ ವಿಮರ್ಶಕರು ಎರಡು ಪುಟ ಬರೆದು ಹೇಳೋದನ್ನ ಅಜ್ಜಿ ಐದು ಪದದಲ್ಲಿ ಮುಗಿಸ್ತು.

ಹಂಗಂತ ನಿಮ್ಮ ಧೈರ್ಯದ ಬಗ್ಗೆ ನಂಗೇನೂ ಭ್ರಮೆ ಇಲ್ಲ. ಇಷ್ಟೊತ್ತು ಗ್ರಾಫಿಕ್ಸ್ ಬೈದು, ರೆಪ್ಪೆ ಲೆಕ್ಕ ಹಾಕಿ, ಪುಂಗಿಗೆ ವಿಜ್ಞಾನ ಹೇಳಿದೋರು ತಾನೇ ನೀವು? ಎಪಿಸೋಡ್ ಮುಗಿದ ಮೇಲೆ ದನದ ಕೊಟ್ಟಿಗೆ ದೀಪ ಆರ್ಸೋಕೆ ಯಾರು ಹೋಗ್ಬೇಕು ಅಂತ ಜಗಳ ಯಾಕೆ? ಟಾರ್ಚ್ ಇದ್ರೂ ಜತೆಗೊಬ್ಬರು ಯಾಕೆ? ಹಗ್ಗ ತುಳಿದು 'ಅಯ್ಯಪ್ಪಾ' ಅಂದಿದ್ದು ಯಾರು? (ಹಗ್ಗ, ಹಾವು ಅಂತ ವೇದಾಂತಿಗಳು ಹೇಳಿದ್ದು ನಿಮ್ಮನ್ನ ನೋಡೇ ಇರ್ಬೇಕು.)

ಒಂದು ಮಾತು ಮಾತ್ರ ತಮಾಷೆ ಪಕ್ಕಕ್ಕಿಟ್ಟು ಹೇಳ್ತೀನಿ. ನಿಜವಾದ ಹುಳ ಮುಟ್ಟಿದ್ರೆ ಸೀರಿಯಲ್ಲಿನ ಹೀರೋ ಥರ ಬಾಯಲ್ಲಿ ವಿಷ ಹೀರೋಕೆ ಹೋಗ್ಬೇಡಿ, ಬ್ಲೇಡ್ ಹಾಕ್ಬೇಡಿ, ಬಿಗಿಯಾಗಿ ಕಟ್ಬೇಡಿ, ಮಂತ್ರ ಹಾಕೋರ ಮನೆ ಮುಂದೆ ಸಾಲು ನಿಲ್ಬೇಡಿ. ಕಚ್ಚಿದ ಕೈಕಾಲು ಅಲುಗಾಡಿಸ್ದೆ ಸೀದಾ ಆಸ್ಪತ್ರೆಗೆ. ಆಂಟಿವೆನಮ್ ಒಂದೇ ಮದ್ದು, ಅದು ನಾಗಮಣಿಗಿಂತ ಗಟ್ಟಿ.

ಉಳಿದಿದ್ದೆಲ್ಲ ನಿಮ್ಮಿಷ್ಟ. ಬೈರಿ, ನಗ್ರಿ, ತಪ್ಪು ಹಿಡೀರಿ, ಗಂಟು ಮುದ್ದೆ ನುಂಗ್ರಿ. ನಮ್ಮ ನಾಲ್ಕು ತಾಲ್ಲೂಕಿನ ತೀರ್ಪು ಕೇಳೋದಾದ್ರೆ ಎರಡನೇ ನಾಗಿಣಿ ಸೇಡಲ್ಲಿ ಫಸ್ಟ್ ಕ್ಲಾಸ್, ಗ್ರಾಫಿಕ್ಸಲ್ಲಿ ಗ್ರೇಸ್ ಮಾರ್ಕ್ಸ್, ಎಳೆದಿದ್ರಲ್ಲಿ ಡಿಸ್ಟಿಂಕ್ಷನ್. ಮೂರನೆಯವಳು ಯಾವಾಗ ಅಂತ ನೀವು ಕೇಳ್ತಾನೇ ಇದೀರಿ. ಬಂದ್ರೆ ದಯವಿಟ್ಟು ಒಂದು ಉಪಕಾರ ಮಾಡಿ: ಮೊದಲ್ನೇ ರಾತ್ರಿ ನಮ್ಮನೇಗೆ ಫೋನ್ ಮಾಡ್ಬೇಡಿ. ತೀರಾ ಅರ್ಜೆಂಟ್ ಅಂದ್ರೆ ಬ್ರೇಕಲ್ಲಿ ಮಾಡಿ, ಅದೂ ಚುಟುಕಾಗಿ.